ತಗಡಿನ ಡಬ್ಬಿಯ ರೂಬಲ್ಲುಗಳು

ಹೋದ ಆಷಾಢದ ಒಂದು ಸಾಯಂಕಾಲ, ಜಡಿಮಳೆಯು ಸ್ವಲ್ಪ ಬಿಡುವು ಕೊಟ್ಟಿದ್ದ ಹೊತ್ತಿನಲ್ಲಿ, ರಾಜಾನುಕುಂಟೆಯ ನಮ್ಮ ನೆರೆಯವರಾದ ಹಿರಿಯರೊಬ್ಬರು ಮೊಮ್ಮಗನನ್ನು ಮುಂದಿಟ್ಟುಕೊಂಡು ನಮ್ಮಲ್ಲಿಗೆ ಬಂದರು. ಹಿರಿಯರ ಕಂಕುಳಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿತ್ತು. ಹುಡುಗನ ಕೈಯಲ್ಲಿ ಅವನ ದೂರವಾಣಿ ಇತ್ತು. ಇಬ್ಬರ ಮುಖದಲ್ಲಿಯೂ ಒಂದೇ ಬಗೆಯ ಸಂಕೋಚ. ನಾವು ಈ ಪುಟಗಳಲ್ಲಿ ತಿಂಗಳು ತಿಂಗಳೂ ಮನೆವಾರ್ತೆಯ ವಿಷಯಗಳನ್ನು ಬರೆಯುತ್ತಿರುವುದರಿಂದ, ಉಪ್ಪಿನಕಾಯಿಯಿಂದ ಹಿಡಿದು ಉಯಿಲಿನವರೆಗೆ ನಮಗೆ ತಿಳಿಯದ ಸಂಗತಿಯೇ ಇಲ್ಲವೆಂದು ಊರಿನಲ್ಲಿ ಕೆಲವರು ನಂಬಿಕೊಂಡಿದ್ದಾರೆ. ಆ ನಂಬಿಕೆಯನ್ನು ಕೆಡಿಸಲು ನಾವೂ ವಿಶೇಷ ಪ್ರಯತ್ನ ಮಾಡಿದವರಲ್ಲ.

"ಸ್ವಾಮಿ, ಇದಕ್ಕೆ ಎಷ್ಟು ಬೆಲೆ ಬಂದೀತು, ತಾವೇ ನೋಡಿ ಹೇಳಬೇಕು," ಎಂದು ಹಿರಿಯರು ಡಬ್ಬಿಯನ್ನು ಚಾಪೆಯ ಮೇಲೆ ಇಟ್ಟರು.

ಒಳಗಿದ್ದುದು ರಷ್ಯಾ ದೇಶದ ನೋಟುಗಳು, ಮೂವತ್ತಕ್ಕೂ ಹೆಚ್ಚು. ಒಂದು ರೂಬಲ್ಲಿನ ಚಿಕ್ಕ ನೋಟಿನಿಂದ ಐವತ್ತು ಸಾವಿರ ರೂಬಲ್ಲಿನ ದೊಡ್ಡ ನೋಟಿನವರೆಗೆ ಇದ್ದುವು. ಬಹುಭಾಗ ನೋಟುಗಳಿಗೆ ಒಂದೊಂದು ಕಾಗದದ ಚೀಟಿಯನ್ನು ಸುತ್ತಿತ್ತು; ಚೀಟಿಯ ಮೇಲೆ ಸೀಸದ ಕಡ್ಡಿಯಿಂದ ಕನ್ನಡದಲ್ಲಿ ತಾರೀಖೂ ಎರಡು ಮೂರು ಸಾಲಿನ ಒಕ್ಕಣೆಯೂ ಇದ್ದುವು. ಈ ಚೀಟಿಗಳನ್ನು ಬರೆದವರು ಹಿರಿಯರ ಮಗ, ಹುಡುಗನ ತಂದೆ. ಅವರು 1990ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಜಿನಿಯರಿಂಗ್ ಕಲಿಯುವುದಕ್ಕೆ ಮಾಸ್ಕೋ ನಗರಕ್ಕೆ ಹೋದವರು. ದಾರಿಯ ಖರ್ಚಿಗೆಂದು ಹಿರಿಯರು ದ್ರಾಕ್ಷಿತೋಟದ ಒಂದು ಮೂಲೆಯನ್ನು ಮಾರಿದ್ದರಂತೆ. 1996ರಲ್ಲಿ ಹಿಂದಿರುಗಿ ಬಂದು, ಕೆಲಸಕ್ಕೆ ಸೇರಿ, ಸಂಸಾರಸ್ಥರಾಗಿ, 2021ರ ಮಹಾಮಾರಿಯ ಕಾಲದಲ್ಲಿ ತೀರಿಕೊಂಡರು. ಡಬ್ಬಿಯು ಅಟ್ಟದ ಮೇಲೆ ಉಳಿಯಿತು.

ಈ ವರುಷ ಹುಡುಗನ ಕಾಲೇಜಿನ ಶುಲ್ಕಕ್ಕೆ ಹಣ ಸಾಲದೆ ಬಂದಾಗ ಡಬ್ಬಿಯ ನೆನಪಾಯಿತು. ಹುಡುಗನು ನೋಟುಗಳ ಚಿತ್ರಗಳನ್ನು ತೆಗೆದು ಎಲ್ಲಿಯೋ ಪ್ರಕಟಿಸಿದನು. ಮರುದಿನವೇ, ಹಳೆಯ ನೋಟುಗಳನ್ನು ಕೊಳ್ಳುವ ಮಧ್ಯಸ್ಥನೆಂದು ಹೇಳಿಕೊಂಡವನೊಬ್ಬನು ಮಾತನಾಡಿ, ಎಲ್ಲಕ್ಕೂ ಸೇರಿಸಿ ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ ಕೊಡಿಸುವೆನೆಂದನು. ನೋಂದಣಿಗೆಂದು 1,250 ರೂಪಾಯಿಯನ್ನು ಆಗಲೇ ಕಳುಹಿಸಿಯಾಗಿತ್ತು. ಈಗ ತೆರಿಗೆಯ ಬಾಬ್ತು 8,500 ರೂಪಾಯಿ ಬೇಕಂತೆ. ನಾಳೆ ಹತ್ತು ಗಂಟೆಯೊಳಗೆ ಸಲ್ಲದಿದ್ದರೆ ಒಪ್ಪಂದವು ಮುರಿದುಬೀಳುವುದಂತೆ.

"ಇದರಲ್ಲಿ ಐವತ್ತು ಸಾವಿರ ಅಂತಲೇ ಅಚ್ಚಾಗಿದೆ," ಎಂದನು ಹುಡುಗ. "ರೂಬಲ್ಲು ಈಗ ಒಂದು ರೂಪಾಯಿಗಿಂತ ಹೆಚ್ಚೇ ಇದೆ. ಹಾಗಾದರೆ ಈ ಒಂದಕ್ಕೇ..."

ಆ ರಾತ್ರಿ ಯಾರಿಗೂ ಏನನ್ನೂ ಕಳುಹಿಸಕೂಡದೆಂದೂ ಡಬ್ಬಿಯನ್ನು ಒಂದು ದಿನ ನಮ್ಮಲ್ಲಿ ಬಿಟ್ಟುಹೋಗಬೇಕೆಂದೂ ಹೇಳಿದೆವು. ಹಿರಿಯರು ಒಪ್ಪಿದರು. ಹುಡುಗನು ಮಾತ್ರ ಹೋಗಲಿಲ್ಲ. ನಮ್ಮ ಜೊತೆಯಲ್ಲಿಯೇ ದೀಪದ ಕೆಳಗೆ ಕುಳಿತನು. ಅವನಿಗೆ ಡಬ್ಬಿಯ ಮೇಲಿನ ಪ್ರೀತಿಗಿಂತ ನಮ್ಮ ಮೇಲಿನ ಸಂಶಯವೇ ಹೆಚ್ಚಾಗಿತ್ತೆಂದು ತೋರುತ್ತದೆ. ಇರಲಿ, ಹಣದ ವಿಷಯದಲ್ಲಿ ಸಂಶಯಪಡುವ ಹುಡುಗನನ್ನು ನಾವು ತಪ್ಪೆನ್ನಲಾರೆವು. ಆ ಸಂಶಯವು ಮಧ್ಯಸ್ಥನ ವಿಷಯದಲ್ಲಿ ಒಂದು ವಾರ ಮುಂಚೆ ಹುಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ನೋಟುಗಳನ್ನು ತಾರೀಖಿನ ಕ್ರಮದಲ್ಲಿ ಚಾಪೆಯ ಮೇಲೆ ಹರಡಿದೆವು. ಮೊದಲಿನವು 1961ನೆಯ ಇಸವಿಯ ಮಾದರಿಯವು. ಸೋವಿಯೆತ್ ಒಕ್ಕೂಟದಲ್ಲಿ ಮೂವತ್ತು ವರುಷ ನಡೆದ ನೋಟುಗಳು. ಹತ್ತು ರೂಬಲ್ಲಿನಿಂದ ಮೇಲಿನವುಗಳಲ್ಲಿ ಲೆನಿನ್ನನ ಮುಖವಿದೆ. ಬೆಲೆಯನ್ನು ಒಕ್ಕೂಟದ ಹದಿನೈದು ಗಣರಾಜ್ಯಗಳ ಹದಿನೈದು ಭಾಷೆಗಳಲ್ಲಿ ಬರೆದಿದೆ. ಜಾರ್ಜಿಯಾ ಮತ್ತು ಆರ್ಮೀನಿಯಾ ದೇಶಗಳ ದುಂಡನೆಯ ವಿಚಿತ್ರ ಲಿಪಿಗಳನ್ನು ಅಲ್ಲಿ ಕಾಣಬಹುದು. ನಮ್ಮ ನೋಟಿನ ಹಿಂಬದಿಯ ಪಟ್ಟಿಯಲ್ಲಿಯೂ ಹದಿನೈದೇ ಭಾಷೆಗಳು. ಅಸ್ಸಾಮಿ, ಬಂಗಾಳಿ, ಗುಜರಾತಿಗಳಾದ ಮೇಲೆ ನಾಲ್ಕನೆಯದು ಕನ್ನಡ. ಜೇಬಿನಲ್ಲಿದ್ದ ನೋಟನ್ನು ತೆಗೆದು ಹುಡುಗನಿಗೆ ತೋರಿಸಿದೆವು. ದಿನವೂ ಕೈಯಲ್ಲಿ ಹಿಡಿಯುವ ಕಾಗದವನ್ನು ಅವನು ಆವರೆಗೆ ಓದಿರಲಿಲ್ಲ. ವಾಚಕರಲ್ಲಿ ಎಷ್ಟು ಮಂದಿ ಓದಿರುವರೋ, ಅವರವರೇ ಬಲ್ಲರು.

ಐದು ರೂಬಲ್ಲಿನ ಚೀಟಿಯಲ್ಲಿ ಹುಡುಗನ ತಂದೆಯು, ಮಾಸ್ಕೋದ ನೆಲದೊಳಗಿನ ರೈಲಿಗೆ ಐದು ಕೊಪೆಕ್ ಕೊಟ್ಟರೆ ಎಷ್ಟು ದೂರ ಬೇಕಾದರೂ ಹೋಗಬಹುದೆಂದು ಬೆರಗಿನಿಂದ ಬರೆದಿದ್ದರು. ನೂರು ಕೊಪೆಕ್ ಸೇರಿದರೆ ಒಂದು ರೂಬಲ್ಲು. ಆ ಐದು ಕೊಪೆಕ್ಕಿನ ದರವು 1961ರಿಂದ 1991ರ ವಸಂತಕಾಲದವರೆಗೆ ಬದಲಾಗಲೇ ಇಲ್ಲ. 1997ರಲ್ಲಿ ಅದೇ ಪಯಣಕ್ಕೆ ಎರಡು ಸಾವಿರ ರೂಬಲ್ಲು ತೆರಬೇಕಾಗಿತ್ತು. ಆರು ವರುಷದಲ್ಲಿ ನಲವತ್ತು ಸಾವಿರ ಪಟ್ಟು! ಡಬ್ಬಿಯಲ್ಲಿದ್ದ ನೋಟುಗಳೆಲ್ಲ ಈ ಎರಡು ಬೆಲೆಗಳ ನಡುವೆ ಹುಟ್ಟಿ ಸತ್ತ ನೋಟುಗಳು.

ಬಳಿಕ ಬಂದುದು ನೂರು ರೂಬಲ್ಲಿನ ಒಂದು ನೋಟು. ಅದರ ಚೀಟಿಯು ಉಳಿದವುಗಳಿಗಿಂತ ಉದ್ದವಾಗಿತ್ತು. 1991ನೆಯ ಜನವರಿ 22ರ ರಾತ್ರಿ ಒಂಬತ್ತು ಗಂಟೆಯ ವಾರ್ತೆಯಲ್ಲಿ ಸರಕಾರವು, 1961ರ ಮಾದರಿಯ 50 ಮತ್ತು 100 ರೂಬಲ್ಲಿನ ನೋಟುಗಳು ಅಂದಿನ ನಡುರಾತ್ರಿಯಿಂದಲೇ ಸಲ್ಲವೆಂದು ಸಾರಿತು. ಬದಲಾಯಿಸಿಕೊಳ್ಳಲು ಕೊಟ್ಟ ಅವಧಿ ಮೂರು ದಿನ. ಒಬ್ಬೊಬ್ಬರಿಗೆ ಸಾವಿರ ರೂಬಲ್ಲಿನ ಮಿತಿ. ಉಳಿತಾಯದ ಖಾತೆಯಿಂದ ತಿಂಗಳಿಗೆ ಐನೂರು ರೂಬಲ್ಲಿಗಿಂತ ಹೆಚ್ಚು ತೆಗೆಯಕೂಡದೆಂದೂ ಕಟ್ಟಳೆಯಾಯಿತು. ಆಗಿನ ಪ್ರಧಾನಿ ಪಾವ್ಲೋವ್ ಎಂಬವರ ಹೆಸರು ಆ ಸುಧಾರಣೆಗೆ ಅಂಟಿಕೊಂಡಿತು. ಕಾಳಸಂತೆಯವರ ಹಣವನ್ನೂ ಹೊರದೇಶಗಳಿಂದ ಬಂದ ಹಣವನ್ನೂ ಅಡಗಿಸುವುದಕ್ಕಾಗಿ ಇದನ್ನು ಮಾಡಿದೆವೆಂದು ಸರಕಾರದವರು ಹೇಳಿದರು. ಸಾಲಿನಲ್ಲಿ ಹಿಮದೊಳಗೆ ನಿಂತವರು ಮಾತ್ರ ಪಿಂಚಣಿಯ ಮುದುಕರು.

ಚೀಟಿಯ ಒಕ್ಕಣೆ ಇಷ್ಟು. ವಿದ್ಯಾರ್ಥಿನಿಲಯದ ಬಾಗಿಲು ಕಾಯುತ್ತಿದ್ದ ಮುದುಕಿಯು ತನ್ನ ಅಂತ್ಯಕ್ರಿಯೆಗೆಂದು ಒಂದು ಗಂಟು ಮಾಡಿ ಇಟ್ಟಿದ್ದಳು. ಅವಧಿ ಮುಗಿದ ಎರಡು ವಾರದ ಮೇಲೆ, ಬೇರೆ ಯಾವುದನ್ನೋ ಹುಡುಕುವಾಗ, ಉಣ್ಣೆಯ ಕಾಲುಚೀಲದೊಳಗೆ ಮರೆತುಹೋಗಿದ್ದ ನಾಲ್ಕು ನೂರರ ನೋಟುಗಳು ಸಿಕ್ಕಿದುವು. ಮೂರನ್ನು ಅವಳು ಹಾಗೆಯೇ ಮತ್ತೆ ಕಾಲುಚೀಲದಲ್ಲಿ ಇಟ್ಟಳು. ಒಂದನ್ನು, "ನೀನು ದೂರದೇಶದವನು, ನಿನಗೆ ಇದು ಚಿತ್ರ," ಎಂದು ಈ ಹುಡುಗನಿಗೆ ಕೊಟ್ಟಳು.

ಹುಡುಗನು ಆ ಚೀಟಿಯನ್ನು ಎರಡು ಸಲ ಓದಿದನು. ಅಟ್ಟದ ಮೇಲೆ ಅಷ್ಟು ವರುಷವಿದ್ದ ಡಬ್ಬಿಯಲ್ಲಿ ನೋಟುಗಳನ್ನು ಎಣಿಸಿದ್ದನೇ ಹೊರತು ಚೀಟಿಗಳನ್ನು ಅವನು ಓದಿರಲಿಲ್ಲ. ಚಿತ್ರ ತೆಗೆಯುವಾಗ ಅಡ್ಡವಾಗುವುದೆಂದು ಅವುಗಳನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದನಂತೆ. ಪುಣ್ಯಕ್ಕೆ ಎಸೆದಿರಲಿಲ್ಲ.

ಮುಂದಿನ ನೋಟುಗಳು ಒಂದು ವಿನೋದವನ್ನು ಹೇಳುತ್ತವೆ. ಸೋವಿಯೆತ್ ಒಕ್ಕೂಟವು 1991ನೆಯ ದಶಂಬರ್ 26ರಂದು ಇಲ್ಲವಾಯಿತು. ಆದರೆ 1992ರ ಇಸವಿಯನ್ನು ಹೊತ್ತ 50, 200, 500, 1000 ರೂಬಲ್ಲಿನ ನೋಟುಗಳ ಮೇಲೆ ಅದೇ ಒಕ್ಕೂಟದ ಲಾಂಛನ, ಅದೇ ಸ್ಟೇಟ್ ಬ್ಯಾಂಕಿನ ಹೆಸರು. ಇಲ್ಲದ ರಾಜ್ಯವು ಒಂದು ವರುಷ ನೋಟು ಹೊರಡಿಸುತ್ತಲೇ ಇತ್ತು. ಅಚ್ಚುಕೂಟವು ಇತಿಹಾಸದಷ್ಟು ಬೇಗ ಓಡಲಾರದಷ್ಟೆ! 1992ನೆಯ ಜನವರಿ 2ರಂದು ಬೆಲೆಗಳ ಮೇಲಣ ಸರಕಾರದ ಹಿಡಿತವನ್ನು ಸಡಿಲಿಸಿದುದೇ ತಡ, ವರುಷ ಕಳೆಯುವುದರೊಳಗೆ ಬೆಲೆಗಳು ಸುಮಾರು 26 ಪಟ್ಟು ಏರಿದುವು. ದೊಡ್ಡ ನೋಟು ಬೇಕಾಯಿತು. 5,000 ಮತ್ತು 10,000 ರೂಬಲ್ಲಿನವು ಬಂದುವು. ಇವುಗಳಲ್ಲಿ ಲೆನಿನ್ ಇಲ್ಲ; ಹೊಸದಾದ ರಷ್ಯಾ ಬ್ಯಾಂಕಿನ ಹೆಸರಿದೆ. ಅದೇ ವರುಷ, ಸರಕಾರದ ಕಾರ್ಖಾನೆಗಳಲ್ಲಿ ಪ್ರಜೆಗಳಿಗೆ ಪಾಲು ಕೊಡುವೆವೆಂದು 10,000 ರೂಬಲ್ಲಿನ ಮುಖಬೆಲೆಯ ಒಂದೊಂದು ಪಾಲುಚೀಟಿಯನ್ನು ಜನರಿಗೆ ಹಂಚಿದರು. ಅದೂ ಸಂಗ್ರಾಹಕರ ಕಡತಗಳಲ್ಲಿ ಈಗ ನೋಟುಗಳ ಪಕ್ಕದಲ್ಲಿ ಕುಳಿತಿದೆ. ನೆರೆಯ ಬೆಲಾರುಸ್ ದೇಶವು ತನ್ನದೇ ನೋಟು ಹೊರಡಿಸಿ, ಐವತ್ತು ಕೊಪೆಕ್ಕಿಗೆ ಅಳಿಲನ್ನೂ ಒಂದು ರೂಬಲ್ಲಿಗೆ ಮೊಲವನ್ನೂ ಅಚ್ಚುಹಾಕಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸಂಗ್ರಹವನ್ನು ಅಲ್ಲಿಂದಲೇ ಆರಂಭಿಸುವುದು ಲೇಸು; ಮಕ್ಕಳಿಗೆ ಲೆನಿನ್ನನಿಗಿಂತ ಮೊಲವು ಬೇಗ ಪರಿಚಯವಾಗುತ್ತದೆ.

1992ರ ಒಂದು ಚೀಟಿಯಲ್ಲಿ ಅಂಗಡಿಯೊಂದರಲ್ಲಿ ಭಾರತದ ಕಾಫಿಯ ಡಬ್ಬಿ ಸಿಕ್ಕಿದ ಸಂತೋಷವಿದೆ. ಬಿಸಿನೀರಿಗೆ ಹಾಕಿದೊಡನೆ ಕರಗುವ ಕಾಫಿ. ಸೋವಿಯೆತ್ ಮನೆಗಳಲ್ಲಿ ಭಾರತದ ಆ ಡಬ್ಬಿಗೆ ಬಹಳ ಗೌರವವಿತ್ತು. ಇದನ್ನೋದಿದಾಗ ನಮಗೆ ನಮ್ಮ ಮಲೆನಾಡಿನ ನೆನಪಾಯಿತು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಅದನ್ನು ಕೊಳ್ಳುತ್ತಿದ್ದವರಲ್ಲಿ ಸೋವಿಯೆತ್ ಒಕ್ಕೂಟವು ಬಹಳ ದೊಡ್ಡ ಗಿರಾಕಿ. ಆದರೆ ನಮ್ಮ ಬೆಳೆಗಾರನು ಒಂದು ರೂಬಲ್ಲನ್ನೂ ಕಣ್ಣಿನಿಂದ ಕಂಡವನಲ್ಲ. ಎರಡು ಸರಕಾರಗಳ ನಡುವಣ ಒಪ್ಪಂದದಂತೆ ವ್ಯಾಪಾರವೆಲ್ಲ ರೂಪಾಯಿಯ ಲೆಕ್ಕದಲ್ಲಿ ನಡೆಯುತ್ತಿತ್ತು. ಬೆಳೆಗಾರನು ಫಸಲನ್ನು ಬೆಂಗಳೂರಿನ ಕಾಫಿ ಮಂಡಲಿಗೆ ಒಪ್ಪಿಸಬೇಕಾಗಿತ್ತು, ಮಂಡಲಿಯು ಮಾರಿ ಅವನಿಗೆ ಕಂತುಕಂತಾಗಿ ಹಣ ಕೊಡುತ್ತಿತ್ತು. ಗಿರಾಕಿಯ ಮನೆಯೇ ಮುರಿದುಬಿದ್ದಾಗ ಆ ಪೆಟ್ಟು ಮಲೆನಾಡಿನ ತೋಟದವರೆಗೂ ಬಂದಿತು. 1989ರಲ್ಲಿ ಜಗತ್ತಿನ ಕಾಫಿ ಒಪ್ಪಂದವು ಕುಸಿದು ಬೆಲೆ ಇಳಿದಿದ್ದ ಸಮಯದಲ್ಲಿಯೇ ಇದೂ ಸೇರಿತು. ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯವು 1992ರಿಂದ ಹಂತಹಂತವಾಗಿ ದೊರೆತು 1996ರಲ್ಲಿ ಪೂರ್ಣವಾಯಿತು.

ಲೆಕ್ಕದ ರೂಬಲ್ಲಿಗೂ ಕೈಯಲ್ಲಿರುವ ರೂಬಲ್ಲಿಗೂ ಎಷ್ಟು ಅಂತರವಿತ್ತೆಂಬುದಕ್ಕೆ ಇನ್ನೊಂದು ಮಾತು. 1993ರ ಜನವರಿಯಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ದೆಹಲಿಗೆ ಬಂದಾಗ ನಮ್ಮ ದೇಶದ ಹಳೆಯ ಸಾಲದ ಒಪ್ಪಂದವಾಯಿತು. ಸಾಲದ ಹೆಚ್ಚಿನ ಭಾಗವನ್ನು ರೂಬಲ್ಲಿಗೆ 19 ರೂಪಾಯಿ 92 ಪೈಸೆಯಂತೆ ಲೆಕ್ಕಹಾಕಿದರು. ಅದೇ ತಿಂಗಳು ಮಾಸ್ಕೋದ ಪೇಟೆಯಲ್ಲಿ ಒಂದು ಡಾಲರಿಗೆ ನಾನೂರು ರೂಬಲ್ಲಿಗೂ ಹೆಚ್ಚು ಕೊಡಬೇಕಾಗಿತ್ತು. ಎಂದರೆ ಒಂದು ರೂಬಲ್ಲು ನಮ್ಮ ಹತ್ತು ಪೈಸೆಯನ್ನೂ ಮುಟ್ಟುತ್ತಿರಲಿಲ್ಲ. ಒಪ್ಪಂದದ ಕಾಗದದಲ್ಲಿ ಇಪ್ಪತ್ತು ರೂಪಾಯಿ, ನಮ್ಮ ನೆರೆಯವರ ಮಗನ ಜೇಬಿನಲ್ಲಿ ಹತ್ತು ಪೈಸೆಗೂ ಕಡಿಮೆ! ಸಾಲ ತೀರಿಸುವವರು ನಾವಾದುದರಿಂದ ಈ ಎರಡರಲ್ಲಿ ಯಾವುದು ನಿಜವಾದ ಬೆಲೆಯೆಂದು ನಮ್ಮ ಪತ್ರಿಕೆಗಳಲ್ಲಿ ಆಗ ಸಾಕಷ್ಟು ಚರ್ಚೆ ನಡೆಯಿತು.

ಆ ವರುಷದ ಜುಲೈಯಲ್ಲಿ ಇನ್ನೊಂದು ಆಘಾತ. ಶನಿವಾರ 24ನೆಯ ತಾರೀಖು ಪ್ರಕಟಣೆ. ಸೋಮವಾರ 26ರಿಂದ 1961ರಿಂದ 1992ರವರೆಗಿನ ನೋಟುಗಳು ಸಲ್ಲವು. ಮೊದಲು ಒಬ್ಬೊಬ್ಬರಿಗೆ 35,000 ರೂಬಲ್ಲು ಮಾತ್ರ ಎಂದರು. ಡಾಲರಿಗೆ ಸುಮಾರು ಸಾವಿರ ರೂಬಲ್ಲಿದ್ದ ಕಾಲದಲ್ಲಿ ಅದು ಮೂವತ್ತೈದು ಡಾಲರಿನಷ್ಟು. ಜನರು ಕೂಗಿಕೊಂಡ ಮೇಲೆ ಯೆಲ್ತ್ಸಿನ್ನರು ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿ, ಆಗಸ್ಟಿನ ಕೊನೆಯವರೆಗೆ ಅವಧಿ ಕೊಟ್ಟರು. ನಡುಬೇಸಗೆಯ ರಜೆಯ ದಿನಗಳು. ಅರ್ಧ ದೇಶವೇ ಊರು ಬಿಟ್ಟು ಹೋಗಿತ್ತು. ಚೀಟಿಯ ಪ್ರಕಾರ ನಮ್ಮ ವಿದ್ಯಾರ್ಥಿಯು ಗೆಳೆಯನ ಊರಿನಿಂದ ರೈಲಿನಲ್ಲಿ ಹಿಂದಿರುಗುತ್ತಿದ್ದನು. ದಾರಿಯ ನಿಲ್ದಾಣದಲ್ಲಿ ರೊಟ್ಟಿ ಮಾರುವವಳು ಹಳೆಯ ನೋಟನ್ನು ಬೇಡವೆಂದಳು. ಆ ನೋಟೇ ಚೀಟಿಯೊಳಗೆ ಇದೆ. ರಾತ್ರಿಯೆಲ್ಲ ಉಪವಾಸವೆಂದು ಬರೆದು, ಕೆಳಗೆ, "ಅಪ್ಪನಿಗೆ ಇದನ್ನು ಬರೆಯಕೂಡದು," ಎಂದಿದೆ.

ಮರುದಿನ ಹಿರಿಯರಿಗೆ ಈ ಸಾಲನ್ನು ಹುಡುಗನೇ ಓದಿ ಹೇಳಿದನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. "ಅವನು ಬರೆಯಲೇ ಇಲ್ಲ ಕಣಪ್ಪ," ಎಂದರು.

1993ರ ನೋಟುಗಳಲ್ಲಿ ಕ್ರೆಮ್ಲಿನ್ ಕೋಟೆಯ ಮೇಲೆ ಮೂರು ಬಣ್ಣದ ಬಾವುಟ ಹಾರುತ್ತದೆ. ಅಕ್ಷರವೆಲ್ಲ ರಷ್ಯನ್ ಭಾಷೆಯೊಂದರಲ್ಲಿಯೇ. ಹದಿನಾಲ್ಕು ಭಾಷೆಗಳು ತಮ್ಮ ತಮ್ಮ ದೇಶಗಳಿಗೆ ಹೊರಟುಹೋಗಿದ್ದುವು. 1995ರಲ್ಲಿ ನಗರಗಳ ಚಿತ್ರವಿರುವ ನೋಟುಗಳು ಬಂದುವು: ಸಾವಿರಕ್ಕೆ ವ್ಲಾದಿವೊಸ್ತೊಕ್, ಐದು ಸಾವಿರಕ್ಕೆ ನೋವ್ಗೊರೊದ್, ಹತ್ತು ಸಾವಿರಕ್ಕೆ ಕ್ರಾಸ್ನೊಯಾರ್ಸ್ಕ್, ಐವತ್ತು ಸಾವಿರಕ್ಕೆ ಪೀಟರ್ಸ್‌ಬರ್ಗ್, ಲಕ್ಷಕ್ಕೆ ಮಾಸ್ಕೋ, 1997ರಲ್ಲಿ ಐದು ಲಕ್ಷಕ್ಕೆ ಅರ್ಖಾಂಗೆಲ್ಸ್ಕ್. 1998ರ ಜನವರಿ 1ರಿಂದ ಸರಕಾರವು ಮೂರು ಸೊನ್ನೆಗಳನ್ನು ಒಟ್ಟಿಗೆ ತೆಗೆದುಹಾಕಿತು. ಹಳೆಯ ಸಾವಿರವು ಹೊಸದರಲ್ಲಿ ಒಂದು. ಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು ಐದು ಸಾವಿರವು ಐದಾಯಿತು, ಐವತ್ತು ಸಾವಿರವು ಐವತ್ತಾಯಿತು. ಒಂದು ರೂಬಲ್ಲಿಗೆ ನಾಣ್ಯ ಬಂದುದರಿಂದ ವ್ಲಾದಿವೊಸ್ತೊಕ್ ನೋಟಿಗೆ ಮಾತ್ರ ಉತ್ತರಾಧಿಕಾರಿ ಇಲ್ಲದೆ ಹೋಯಿತು. ಹಳೆಯ ನೋಟುಗಳನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು 2002ರ ಕೊನೆಯವರೆಗೆ ಅವಕಾಶವಿತ್ತು.

ಹುಡುಗನ ಐವತ್ತು ಸಾವಿರದ ಲೆಕ್ಕವು ಇಲ್ಲಿ ತೀರಿತು. ಆ ನೋಟು 1998ರಲ್ಲಿ ಐವತ್ತು ರೂಬಲ್ಲಿಗೆ ಸಮ. 2002ರ ತರುವಾಯ ಅದನ್ನು ಪಡೆದು ಹಣ ಕೊಡುವ ಬ್ಯಾಂಕು ಭೂಮಿಯ ಮೇಲೆ ಇಲ್ಲ. ಉಳಿದಿರುವುದು ಸಂಗ್ರಾಹಕರು ಕೊಡುವ ಬೆಲೆ ಮಾತ್ರ. ಆ ಬೆಲೆಯು ನೋಟಿನ ಮೇಲೆ ಅಚ್ಚಾದ ಅಂಕಿಯನ್ನು ಕೇಳುವುದಿಲ್ಲ. ಎಷ್ಟು ಉಳಿದಿವೆ, ಎಂಥ ಸ್ಥಿತಿಯಲ್ಲಿವೆ ಎಂಬುದನ್ನು ಕೇಳುತ್ತದೆ. 1961ರ ಚಿಕ್ಕ ನೋಟುಗಳೂ 1991ರಿಂದ 1993ರವರೆಗಿನವೂ ಕೋಟಿಗಟ್ಟಲೆ ಅಚ್ಚಾಗಿ, ಒಮ್ಮೆಲೇ ಬೆಲೆ ಕಳೆದುಕೊಂಡು, ಮನೆಮನೆಗಳ ಮೂಲೆಯಲ್ಲಿ ಉಳಿದುಬಿಟ್ಟುವು. ಆದುದರಿಂದ ಬಳಸಿ ಸವೆದ ಅಂಥ ನೋಟುಗಳಲ್ಲಿ ಬಹಳವು ಇಂದಿಗೂ ಒಂದು ಮಸಾಲೆದೋಸೆಯ ಹಣಕ್ಕೆ ದೊರೆಯುತ್ತವೆ. 1995ರ ಲಕ್ಷದ ನೋಟೂ ಅದಕ್ಕಿಂತ ಮಿಗಿಲಾಗಿ ಐದು ಲಕ್ಷದ ನೋಟೂ ವಿರಳ. ಕಾರಣವು ಸರಳವಾದುದು; ಅವುಗಳಿಗೆ ಬೆಲೆ ಇದ್ದಾಗಲೇ ಬ್ಯಾಂಕಿಗೆ ಹಿಂದಿರುಗಿಸಿ ಹೊಸ ಹಣ ಪಡೆಯಬಹುದಾಗಿತ್ತು. ದೊಡ್ಡ ಹಣವನ್ನು ನೆನಪಿಗೆಂದು ಇಟ್ಟುಕೊಳ್ಳುವ ಶಕ್ತಿ ಎಷ್ಟು ಜನಕ್ಕೆ ಇದ್ದೀತು? ವಿದ್ಯಾರ್ಥಿಯ ಡಬ್ಬಿಯಲ್ಲಿ ಅವು ಇರಲಿಲ್ಲ. ಬಲ್ಲವರಿಬ್ಬರನ್ನು ವಿಚಾರಿಸಿದಾಗ, ಎಲ್ಲ ನೋಟುಗಳಿಗೂ ಸೇರಿಸಿ ನಾಲ್ಕೈದು ಸಾವಿರ ರೂಪಾಯಿ ಬಂದರೆ ಹೆಚ್ಚೆಂದರು.

ಇನ್ನು ಆ ಮಧ್ಯಸ್ಥನ ವಿಷಯ. ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುವೆವೆಂದು ಹೇಳಿ, ತನ್ನ ಹೆಸರನ್ನೂ ಮುದ್ರೆಯನ್ನೂ ಬಳಸಿಕೊಂಡು, ಶುಲ್ಕ, ದಲ್ಲಾಳಿ, ತೆರಿಗೆ ಎಂದು ಜನರಿಂದ ಹಣ ಕೀಳುವವರಿದ್ದಾರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಕೆ ಕೊಟ್ಟಿತು. ತಾನು ಇಂಥ ವ್ಯಾಪಾರ ಮಾಡುವುದಿಲ್ಲ, ಯಾರಿಗೂ ಅಧಿಕಾರವನ್ನೂ ಕೊಟ್ಟಿಲ್ಲ ಎಂದಿತು. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಹುಡುಗನು ಪೋಲೀಸಿನವರ 1930ನೆಯ ಸಂಖ್ಯೆಗೆ ದೂರು ಕೊಟ್ಟನು. 1,250 ರೂಪಾಯಿ ಹಿಂದಕ್ಕೆ ಬಂದಿಲ್ಲ, 8,500 ಉಳಿಯಿತು. ಶುಲ್ಕದ ಮಾತಿಗೆ ಹಿರಿಯರು ಹಾಲಿನ ಸಂಘದಲ್ಲಿ ಸಾಲ ಮಾಡಿದರು. ಅವರ ಕಷ್ಟವು ಡಬ್ಬಿಯಿಂದ ಪರಿಹಾರವಾಯಿತೆಂದು ಬರೆಯಲು ನಮಗೂ ಆಶೆಯಿತ್ತು, ಆದರೆ ಆಗಲಿಲ್ಲ.

ಡಬ್ಬಿಯ ತಳದಲ್ಲಿ ಇನ್ನೊಂದು ಪೊಟ್ಟಣವಿತ್ತು. ರಷ್ಯಾದ್ದಲ್ಲ, ನಮ್ಮದೇ: ಹಳೆಯ ಐನೂರರ ಏಳು ನೋಟುಗಳು. ಹುಡುಗನ ಅಜ್ಜಿಯು ಮದುವೆಯ ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟಿದ್ದುದು, 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಯ ಪ್ರಕಟಣೆಯೂ ದಶಂಬರ್ 30ರ ಅವಧಿಯೂ ಕಳೆದ ಮೇಲೆ, ಮುಂದಿನ ಬೇಸಗೆಯಲ್ಲಿ ಸೀರೆಗಳನ್ನು ಬಿಸಿಲಿಗೆ ಹಾಕಿದಾಗ ದೊರೆಯಿತಂತೆ. ಅವರು ಯಾರಿಗೂ ಹೇಳದೆ ಮಗನ ಡಬ್ಬಿಯಲ್ಲಿ ಇಟ್ಟಿದ್ದರು. ಈ ನೋಟುಗಳಿದ್ದರೆ ಸೆರೆಮನೆಯೆಂದು ಯಾರೋ ಹೆದರಿಸಿದ್ದುದರಿಂದ ಹಿರಿಯರು ಅವನ್ನು ಒಲೆಗೆ ಹಾಕಲು ಹೊರಟರು; ನಾವು ತಡೆದೆವು. 2017ರ ಕಾಯಿದೆಯಂತೆ ಅಂಥ ಹಳೆಯ ನೋಟುಗಳನ್ನು ಒಟ್ಟು ಹತ್ತರವರೆಗೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹಕ್ಕಾಗಿ ಇಪ್ಪತ್ತೈದರವರೆಗೆ ಇರಬಹುದು. ಮೀರಿದರೆ ದಂಡ, ಹತ್ತು ಸಾವಿರ ರೂಪಾಯಿ ಇಲ್ಲವೆ ನೋಟುಗಳ ಮುಖಬೆಲೆಯ ಐದರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಏಳು ನೋಟಿಗೆ ಭಯವಿಲ್ಲ. ಇಂಥ ರದ್ದತಿಯು ನಮ್ಮಲ್ಲಿ 1946ರ ಜನವರಿಯಲ್ಲಿಯೂ 1978ರ ಜನವರಿಯಲ್ಲಿಯೂ ಆಗಿತ್ತು. ಆದರೆ ಆಗ ಹೋದುವು ಸಾಮಾನ್ಯರ ಕೈಗೆ ಬಾರದ ದೊಡ್ಡ ನೋಟುಗಳು. ಸೀರೆಯ ಮಡಿಕೆಯವರೆಗೆ ಬಂದುದು 2016ರದೇ.

ಕಾಲುಚೀಲದ ಚೀಟಿಯನ್ನು ನಾವು ಅಜ್ಜಿಗೆ ಓದಿ ಹೇಳಲಿಲ್ಲ. ಹುಡುಗನೇ ಓದಿದನೆಂದು ಆಮೇಲೆ ತಿಳಿಯಿತು. "ಆ ಯಮ್ಮನ ಹೆಸರೇನಂತೆ?" ಎಂದು ಅಜ್ಜಿ ಕೇಳಿದರಂತೆ. ಚೀಟಿಯಲ್ಲಿ ಹೆಸರಿರಲಿಲ್ಲ.

ಒಂದು ಶನಿವಾರ ಹುಡುಗನನ್ನು ಬೆಂಗಳೂರಿನ ಬ್ರಂಟನ್ ರಸ್ತೆಗೆ ಕರೆದುಕೊಂಡು ಹೋದೆವು. ಅಲ್ಲಿ ರಿಜ್ವಾನ್ ರಜಾಕ್ ಅವರು ಭಾರತದ ಕಾಗದದ ಹಣಕ್ಕಾಗಿ 2020ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಅವರ ಸಂಗ್ರಹಕ್ಕೆ ಬೀಜವಾದುದೂ ಮನೆಯ ಹಳೆಯ ಪೆಟ್ಟಿಗೆಯೇ. ತಾತನ ತಿಜೋರಿಯಲ್ಲಿ ಅವರಿಗೆ, ಭಾರತದ ನೋಟಿನ ಮೇಲೆ ಪಾಕಿಸ್ತಾನ ಸರಕಾರವೆಂದು ಹೆಚ್ಚಾಗಿ ಅಚ್ಚೊತ್ತಿದ ನೋಟುಗಳು ಸಿಕ್ಕಿದ್ದುವು. ದೇಶ ಎರಡಾದಾಗ ಹೊಸ ರಾಜ್ಯಕ್ಕೆ ತನ್ನ ಅಚ್ಚುಕೂಟವಿಲ್ಲದೆ 1948ರಲ್ಲಿ ಹಾಗೆ ನಡೆಸಿಕೊಂಡಿತು. ಸೋವಿಯೆತ್ ಲಾಂಛನದ 1992ರ ನೋಟನ್ನು ಕಂಡಿದ್ದ ಹುಡುಗನಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಲಿಲ್ಲ. ವಾಚಕರಲ್ಲಿ ಬೀದರು, ಕಲಬುರಗಿ, ರಾಯಚೂರು ಸೀಮೆಯವರಿದ್ದರೆ ಮನೆಯ ಹಳೆಯ ಕಡತಗಳನ್ನು ಒಮ್ಮೆ ನೋಡಿಕೊಳ್ಳಲಿ. ಹೈದರಾಬಾದು ಸಂಸ್ಥಾನವು 1918ರ ಕಾಯಿದೆಯಂತೆ ಹೊರಡಿಸಿದ ನೋಟುಗಳಲ್ಲಿ ಉರ್ದು, ಮರಾಠಿ, ತೆಲುಗುಗಳೊಡನೆ ಕನ್ನಡದಲ್ಲಿಯೂ ಬೆಲೆ ಬರೆದಿರುತ್ತದೆ. ಅಂಥದೊಂದು ದೊರೆತರೆ ದೂರವಾಣಿಯ ಮಧ್ಯಸ್ಥನಿಗೆ ಚಿತ್ರ ಕಳುಹಿಸದಿರಲಿ.

ನೋಟುಗಳನ್ನು ಇಟ್ಟುಕೊಳ್ಳುವ ವಿಧಾನವನ್ನು ಸ್ವಲ್ಪ ಹೇಳಬೇಕು. ಬಾಲ್ಯದಲ್ಲಿ ನಾವೂ ಬರ್ಮಾ ದೇಶದ ನೋಟೊಂದನ್ನು ಬಹಳ ಅಭಿಮಾನದಿಂದ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿ, ಅದರ ಹಿಂಬದಿಯನ್ನು ಎಂದೆಂದಿಗೂ ಕಾಣದಂತೆ ಮಾಡಿದವರು. ಗೋಂದು, ಅಂಟುಪಟ್ಟಿ, ಗುಂಡುಸೂಜಿ, ಪ್ಲಾಸ್ಟಿಕ್ಕಿನ ಶಾಶ್ವತ ಹೊದಿಕೆ, ಇವು ಯಾವುವೂ ಕೂಡದು. ನೋಟನ್ನು ತೊಳೆಯಲೂ ಇಸ್ತ್ರಿ ಮಾಡಲೂ ಹೋಗಬಾರದು. ಸುಕ್ಕು ಹೋದರೂ ಬಲ್ಲವನ ಕಣ್ಣಿಗೆ ಮೋಸ ಕಂಡು ಬೆಲೆ ಇಳಿಯುತ್ತದೆ. ಸಂಗ್ರಾಹಕರಿಗಾಗಿಯೇ ಮಾಡಿದ ಪಾರದರ್ಶಕ ಲಕೋಟೆಗಳಿವೆ. ಅಂಗಡಿಯ ಮಾಮೂಲು ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಜಿಗುಟಾಗಿ ಮಸಿಯನ್ನು ಹೀರುತ್ತದೆ. ತಗಡಿನ ಡಬ್ಬಿಯು ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ಅಟ್ಟವಂತೂ ಬೇಡ; ಬೆಳ್ಳಿಹುಳು ಅಲ್ಲಿ ಮೊದಲು ವಾಸಮಾಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನೋಟು ಯಾರಿಂದ, ಯಾವಾಗ, ಹೇಗೆ ಬಂದಿತೆಂಬುದನ್ನು ಬೇರೆ ಕಾಗದದ ಮೇಲೆ ಬರೆದು ಜೊತೆಯಲ್ಲಿಡಬೇಕು. ನೋಟಿನ ಮೇಲೆ ಮಾತ್ರ ಬರೆಯಬಾರದು. ನೂರು ರೂಬಲ್ಲಿನ ಹಳೆಯ ನೋಟು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಕಾಲುಚೀಲದಿಂದ ಬಂದ ನೋಟು ಒಂದೇ ಇದೆ.

ಹಿರಿಯರ ಮನೆಯಲ್ಲಿ ಈಗ ಡಬ್ಬಿಯ ಬದಲು ಕಡತವೊಂದು ಬಂದಿದೆ. ಹುಡುಗನು ತನ್ನ ಕೈಖರ್ಚಿನ ಹಣದಿಂದ ಕೊಂಡುದು. ಸೀಸದ ಕಡ್ಡಿಯ ಬರಹವು ಮಾಸುತ್ತಿರುವುದರಿಂದ ತಂದೆಯ ಚೀಟಿಗಳನ್ನೆಲ್ಲ ಮಸಿಯಲ್ಲಿ ನಕಲು ಮಾಡುತ್ತಿದ್ದಾನೆ. ಹೊಸ ಚೀಟಿ ಬಂದ ಮೇಲೆ ಹಳೆಯದೇಕೆಂದು ಅವನು ಕೇಳಿದಾಗ ಹಿರಿಯರು ಒಪ್ಪಲಿಲ್ಲ. ಈಗ ಪ್ರತಿಯೊಂದು ಲಕೋಟೆಯಲ್ಲಿಯೂ ನೋಟಿನ ಹಿಂದೆ ಎರಡು ಚೀಟಿಗಳಿವೆ. ಕೊನೆಯ ಪುಟದ ಏಳು ನೋಟುಗಳಿಗೆ ಮಾತ್ರ ಒಂದೇ ಚೀಟಿ. ಅದನ್ನು ಅಜ್ಜಿಯು ಹೇಳುತ್ತ ಹೋದರು, ಹುಡುಗನು ಬರೆದುಕೊಂಡನು. ಸೀರೆಯ ಬಣ್ಣವನ್ನೂ ಬರೆಯಬೇಕೆಂದು ಅವರು ಹಟ ಮಾಡಿದರಂತೆ.